ಅಂಗಾಲಿನ ಸುದ್ದಿ

ನಮ್ಮ ಓಲ್ಡ್ ಟೌನಿನಲ್ಲಿ ಬಿ ಕಾಂಪ್ಲೆಕ್ಸ್ ಗುಳಿಗೆಗೆ ಇರುವಷ್ಟು ಮರ್ಯಾದೆ ನಿವೃತ್ತ ಹೆಡ್ಮಾಸ್ತರರಿಗೂ ಇಲ್ಲ. ಓಲ್ಡ್ ಟೌನ್ ಎಂದರೆ ಭದ್ರಾವತಿಯ ಹಳೆಯ ಊರು. ಭದ್ರಾ ನದಿಯ ದಂಡೆಯಲ್ಲಿ, ಹೊಯ್ಸಳರ ಕಾಲದ ಲಕ್ಷ್ಮೀನರಸಿಂಹನ ಗುಡಿಯ ಸುತ್ತ ಬೆಳೆದದ್ದು. ಊರು ಹಳೆಯದು, ಹೆಸರು ಮಾತ್ರ ಇಂಗ್ಲಿಷಿನದು. ಕನ್ನಡ ಮೇಷ್ಟರೆಂಬ ಅಭಿಮಾನದಿಂದ ನಾನು 'ಹಳೇ ನಗರ' ಎಂದರೆ ಆಟೋದವನು 'ಅದೆಲ್ಲಿ ಬರುತ್ತೆ ಸಾರ್?' ಎಂದು ಕೇಳುತ್ತಾನೆ. ಇಲ್ಲಿ ಸಂಜೆ ಕಟ್ಟೆಯ ಮೇಲೆ ಕೂರುವ ಹಿರಿಯರಲ್ಲಿ ಬಹುಮಂದಿ ಕಬ್ಬಿಣದ ಕಾರ್ಖಾನೆಯಿಂದಲೋ ಕಾಗದದ ಕಾರ್ಖಾನೆಯಿಂದಲೋ ನಿವೃತ್ತರಾದವರು. ಅವರ ಅಂಗಿಯ ಜೇಬಿನಲ್ಲಿ, ಕನ್ನಡಕದ ಪಕ್ಕದಲ್ಲಿ, ಗುಳಿಗೆಯ ಪಟ್ಟಿಯೊಂದು ಇದ್ದೇ ಇರುತ್ತದೆ. ಕಾಲು ಜೋಮು ಹಿಡಿಯಿತೆ? ಒಂದು ನುಂಗು. ಕೈ ನಡುಗಿತೆ? ಒಂದು ನುಂಗು. ಸೊಸೆ ಎದುರುತ್ತರ ಕೊಟ್ಟಳು, ರಾತ್ರಿ ನಿದ್ದೆ ಬರಲಿಲ್ಲ; ಅದಕ್ಕೂ ಒಂದು.

ನುಂಗಿದ ದಿನ ಮೂತ್ರ ಅರಿಸಿನದ ನೀರಿನಂತಿರುತ್ತದೆ. ಅದು ಗುಳಿಗೆಯಲ್ಲಿರುವ ಬಿ-2ರ, ಅಂದರೆ ರೈಬೊಫ್ಲೇವಿನ್ನಿನ ಬಣ್ಣ. ಮೈಗೆ ಬೇಕಾದಷ್ಟನ್ನು ಇಟ್ಟುಕೊಂಡು ಮಿಕ್ಕದ್ದನ್ನು ಮೂತ್ರಪಿಂಡ ಹೊರಗೆ ಕಳಿಸಿದೆ, ಅಷ್ಟೆ. ಕಟ್ಟೆಯ ಮಹನೀಯರೊಬ್ಬರು ಮಾತ್ರ ಅದಕ್ಕೆ 'ಒಳಗಿನ ಕೊಳೆಯೆಲ್ಲ ಇಳಿದುಹೋಗುತ್ತಿದೆ' ಎಂದು ಅರ್ಥ ಹೇಳಿದರು. ವ್ಯಾಖ್ಯಾನಕಾರರ ಸಂತತಿ ಇನ್ನೂ ನಶಿಸಿಲ್ಲವಲ್ಲ ಎಂದು ನನಗೆ ಸಂತೋಷವಾಯಿತು.

ಅಂಗಡಿಯಲ್ಲಿ ಈ ಗುಳಿಗೆಗೆ 'ಶಕ್ತಿ ಮಾತ್ರೆ' ಎಂದು ಒಂದು ಹೆಸರು, 'ನರದ ಮಾತ್ರೆ' ಎಂದು ಇನ್ನೊಂದು. ಈ 'ನರ' ಎಂಬ ಮಾತು ಬಹಳ ಉದಾರಿ. ರಕ್ತ ಹರಿಯುವ ನಾಳವೂ ನರವೇ. ಹಿಮ್ಮಡಿಯ ಮೇಲೆ ಬಿಗಿದು ನಿಂತ ಕಂಡರವೂ ನರವೇ. ಮೆದುಳಿಗೆ ಸುದ್ದಿ ಒಯ್ಯುವ ತಂತುವೂ ನರವೇ. ಇನ್ನು ಬಸ್ ನಿಲ್ದಾಣದ ಗೋಡೆಗಳ ಮೇಲೆ ಬರೆದಿರುವ 'ನರದೌರ್ಬಲ್ಯ'ದ ಅರ್ಥವನ್ನು ನಾನು ಇಲ್ಲಿ ಬಿಡಿಸಿ ಹೇಳಬೇಕಾಗಿಲ್ಲ. ಒಂದು ಮಾತಿನ ಹೊಟ್ಟೆಯಲ್ಲಿ ಇಷ್ಟೊಂದು ತುಂಬಿಕೊಂಡರೆ ಕಾವ್ಯಕ್ಕೆ ಅನುಕೂಲ, ಚಿಕಿತ್ಸೆಗೆ ಅನನುಕೂಲ. ನಮ್ಮ ತಂದೆಯವರಂತೂ 'ನರ ಕೈಬಿಟ್ಟರೂ ನರಸಿಂಹ ಕೈಬಿಡುವುದಿಲ್ಲ' ಎಂದು ತಮಾಷೆ ಮಾಡುತ್ತಿದ್ದರು. ಆ ನರ ಬೇರೆ, ಈ ನರ ಬೇರೆ ಎಂದು ನಾನು ಹೇಳಹೋದರೆ, 'ನಿನ್ನ ಕ್ಲಾಸು ಕಾಲೇಜಿನಲ್ಲಿ ಇಟ್ಟುಕೋ' ಎನ್ನುತ್ತಿದ್ದರು.

ಅವರ ಪಾದಗಳ ವಿಷಯಕ್ಕೆ ಬರುತ್ತೇನೆ; ಈ ಬರಹಕ್ಕೆ ಕಾರಣ ಅವೇ.

ತಂದೆಯವರು ಮೂವತ್ತನಾಲ್ಕು ವರ್ಷ ಕಬ್ಬಿಣದ ಕಾರ್ಖಾನೆಯ ಎರಕದ ಮನೆಯಲ್ಲಿ ದುಡಿದವರು. 1918ರಲ್ಲಿ ಮೈಸೂರು ಸಂಸ್ಥಾನ ಕಟ್ಟಲು ತೊಡಗಿ, 1923ರಲ್ಲಿ ಕಬ್ಬಿಣ ತೆಗೆಯಲು ಆರಂಭಿಸಿ, ಆಮೇಲೆ ವಿಶ್ವೇಶ್ವರಯ್ಯನವರ ಹೆಸರು ಹೊತ್ತ ಕಾರ್ಖಾನೆ ಅದು. ಭದ್ರಾವತಿಯ ಹಿಂದಿನ ಹೆಸರು ಬೆಂಕೀಪುರ. ವಂಕಿಪುರವೇ ಹಾಗಾಯಿತೆಂದು ಹೇಳುವವರುಂಟು; ಆದರೆ ಕುಲುಮೆಯ ಮುಂದೆ ನಿಂತವರಿಗೆ ಬೆಂಕೀಪುರವೇ ಸರಿಯೆನಿಸುತ್ತದೆ. ಎರಕದ ಮನೆಯ ನೆಲದ ಯಾವ ಭಾಗ ಎಷ್ಟು ಬಿಸಿ, ಎಲ್ಲಿ ನಿಲ್ಲಬಹುದು, ಎಲ್ಲಿ ನಿಲ್ಲಬಾರದು ಎಂಬುದು ದಪ್ಪ ಬೂಟಿನೊಳಗಿನಿಂದಲೇ ತಮ್ಮ ಪಾದಕ್ಕೆ ತಿಳಿಯುತ್ತಿತ್ತೆಂದು ಅವರು ಹೇಳುವುದುಂಟು. ಅಂಥ ಪಾದ ಸುದ್ದಿ ಹೇಳುವುದನ್ನು ನಿಲ್ಲಿಸಿತು.

ಮೊದಲು ತಿಳಿದದ್ದು ಕಿವಿಗೆ. ಷಟ್ಪದಿಯಲ್ಲಿ ಒಂದು ಮಾತ್ರೆ ಹೆಚ್ಚಾದರೆ ಎಣಿಸದೆಯೇ ಕಿವಿ ಎಚ್ಚರಿಸುತ್ತದಲ್ಲ, ಹಾಗೆ. ರಾತ್ರಿ ಅವರು ಹಿತ್ತಿಲಿಗೆ ಎದ್ದು ಹೋಗುವಾಗ ಹೆಜ್ಜೆಯ ಸದ್ದು ಬೇರೆಯಾಗಿತ್ತು. ಪಾದ ಇಳಿಯುತ್ತಿರಲಿಲ್ಲ, ಬೀಳುತ್ತಿತ್ತು. ಆಮೇಲೆ ಚಪ್ಪಲಿ. ಒಂದು ಕಾಲಿನ ಚಪ್ಪಲಿ ದಾರಿಯಲ್ಲಿ ಕಳಚಿ ಬಿದ್ದಿದ್ದರೂ ಅರಿವಾಗದೆ ಇನ್ನೊಂದನ್ನೇ ಮೆಟ್ಟಿಕೊಂಡು ಮನೆಗೆ ಬಂದರು. ಕಟ್ಟೆಯವರು ನಕ್ಕರು, ಅವರೂ ನಕ್ಕರು. ಮುಖಕ್ಕೆ ಸೋಪು ಹಚ್ಚಿ ಕಣ್ಣು ಮುಚ್ಚಿದ ಕೂಡಲೆ ಮೈ ಓಲಾಡಿ ಬಚ್ಚಲ ಗೋಡೆಯನ್ನು ಹಿಡಿದುಕೊಳ್ಳಬೇಕಾಗುತ್ತಿತ್ತು. ಕೊನೆಗೆ ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ಗುಡಿಯ ಪ್ರಾಕಾರದಲ್ಲಿ ಪ್ರದಕ್ಷಿಣೆ ಬಂದರು. ಕಾದ ಕಲ್ಲಿನ ಮೇಲೆ ಉಳಿದವರು ಕುಣಿಯುತ್ತ ನೆರಳಿಗೆ ಓಡುತ್ತಿದ್ದರೆ ಇವರು ನಿಧಾನವಾಗಿ, ಗಂಭೀರವಾಗಿ ಮೂರು ಸುತ್ತು ಮುಗಿಸಿದರು. ನೋಡಿದವರು ಭಕ್ತಿ ಎಂದುಕೊಂಡರು. ಸಂಜೆ ಅಮ್ಮ ನೆಲದ ಮೇಲೆ ಒದ್ದೆಯ ಗುರುತು ಕಂಡು ಪಾದ ಎತ್ತಿಸಿ ನೋಡಿದರೆ ಎರಡು ಅಂಗಾಲಿನಲ್ಲೂ ಬೊಬ್ಬೆಯೆದ್ದು ಒಂದು ಒಡೆದಿತ್ತು. ನೋವೇ ಇಲ್ಲ. ಆ ನೋವಿಲ್ಲದಿರುವಿಕೆಯನ್ನು ನೋಡಿ ನಮಗೆ ಆದ ಭಯ, ಅವರು ಅಯ್ಯೋ ಎಂದು ಕೂಗಿದ್ದರೆ ಆಗುತ್ತಿರಲಿಲ್ಲ. ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣು ಎಲ್ಲಿಗೆ ಹೋಗಿ ಮುಟ್ಟುತ್ತದೆಂಬುದಕ್ಕೆ ನಮ್ಮ ಬೀದಿಯಲ್ಲೇ ಊರುಗೋಲು ಹಿಡಿದ ಉದಾಹರಣೆಗಳಿವೆ.

ಅವರ ಜೇಬಿನಲ್ಲೂ ಗುಳಿಗೆಯ ಪಟ್ಟಿ ಇತ್ತೆಂಬುದನ್ನು ಹೇಳಬೇಕು. ಐದಾರು ವರ್ಷದಿಂದ ತಪ್ಪದೆ ನುಂಗುತ್ತಿದ್ದರು.

ಶಿವಮೊಗ್ಗೆಯ ವೈದ್ಯರೊಬ್ಬರಲ್ಲಿಗೆ ಕರೆದುಕೊಂಡು ಹೋದೆವು. ಆ ವೈದ್ಯರು ನನಗೆ ಮೆಚ್ಚುಗೆಯಾದದ್ದು ಅವರ ಕನ್ನಡದಿಂದ. 'ಏನಾಗುತ್ತದೆ?' ಎಂದು ಕೇಳಿ ಬಿಡಲಿಲ್ಲ. 'ಉರಿಯೋ, ಜೋಮೋ, ಇರುವೆ ಹರಿದ ಹಾಗೋ, ಸೂಜಿ ಚುಚ್ಚಿದ ಹಾಗೋ, ಮರಗಟ್ಟಿದೆಯೋ? ಹತ್ತಿಯ ಮೇಲೆ ನಡೆದ ಹಾಗೆ ಇದೆಯೋ?' ಎಂದು ಒಂದೊಂದಾಗಿ ಕೇಳಿದರು. ಜುಮುಜುಮು, ಚುಮುಚುಮು, ಚುರುಚುರು, ಧಗಧಗ — ನಮ್ಮ ಭಾಷೆಯ ಅನುಕರಣ ಶಬ್ದಗಳನ್ನು ನಾನು ವ್ಯಾಕರಣದ ತರಗತಿಯಲ್ಲಿ ಅರ್ಧ ಗಂಟೆಯಲ್ಲಿ ಮುಗಿಸಿಬಿಡುವುದು ವಾಡಿಕೆ. ಅವುಗಳಲ್ಲಿ ಒಂದೊಂದೂ ಒಂದೊಂದು ಬಗೆಯ ತಂತುವಿನ ಕಷ್ಟವನ್ನು ಹೇಳುತ್ತದೆಂದು ಅಂದು ತಿಳಿಯಿತು. ಉರಿಯನ್ನೂ ಬಿಸಿಯನ್ನೂ ಸಾಗಿಸುವವು ಸಣ್ಣ ತಂತುಗಳು. ಕಂಪನವನ್ನೂ, ಕಾಲ್ಬೆರಳು ಮೇಲಿದೆಯೋ ಕೆಳಗಿದೆಯೋ ಎಂಬ ಅರಿವನ್ನೂ ಸಾಗಿಸುವವು ದಪ್ಪ ತಂತುಗಳು. ತಂದೆಯವರ ಉತ್ತರ, 'ಮೊದಲು ಜೋಮು ಇತ್ತು, ಈಗ ಏನೂ ಇಲ್ಲ, ಕಾಲುಚೀಲ ಹಾಕಿದ ಹಾಗಿದೆ' ಎಂದು.

ಕಾಲುಚೀಲವೆಂದದ್ದು ಆಕಸ್ಮಿಕವಲ್ಲವಂತೆ. ಪಾದದ ತುದಿಯಿಂದ ಬೆನ್ನಿನ ಬುಡದವರೆಗೆ ಹೋಗುವ ಒಂದು ನರತಂತು ಒಂದೇ ಜೀವಕೋಶದ ಎಳೆ. ಸುಮಾರು ಒಂದು ಮೀಟರು ಉದ್ದ. ಇಷ್ಟುದ್ದದ ದಾರಿಗೆ ಬೇಕಾದ ಇಂಧನವನ್ನೂ ಸಾಮಗ್ರಿಯನ್ನೂ ಬುಡದಿಂದಲೇ ಸಾಗಿಸಬೇಕು. ಸಕ್ಕರೆ ಕೆಡಿಸಲಿ, ಹೆಂಡ ಕೆಡಿಸಲಿ, ಪೋಷಣೆಯ ಕೊರತೆ ಕೆಡಿಸಲಿ, ಸಾಮಾನ್ಯವಾಗಿ ಮೊದಲು ಕೈಕೊಡುವುದು ಅತಿ ಉದ್ದದ ದಾರಿಯ ತುದಿ. ತಾಲ್ಲೂಕಿನ ಕಟ್ಟಕಡೆಯ ಹಳ್ಳಿಗೆ ಟಪ್ಪಾಲು ನಿಲ್ಲುವಂತೆ. ಆದ್ದರಿಂದ ಬೆರಳು, ಆಮೇಲೆ ಪಾದ, ಆಮೇಲೆ ಕಣಕಾಲು. ಮೊಣಕಾಲನ್ನು ಮುಟ್ಟುವ ಹೊತ್ತಿಗೆ ಕೈಬೆರಳ ತುದಿಯಲ್ಲೂ ಆರಂಭ.

ವೈದ್ಯರು ಒಂದು ಶ್ರುತಿಕವೆಯನ್ನು ತೆಗೆದು ಅಂಗೈಗೆ ಬಡಿದು ಅದರ ಹಿಡಿಯನ್ನು ಹೆಬ್ಬೆರಳ ಎಲುಬಿನ ಮೇಲಿಟ್ಟರು. ಸೆಕೆಂಡಿಗೆ 128 ಸಲ ಕಂಪಿಸುವ ಕವೆ. 'ಗುಂಯ್ ಎನ್ನುತ್ತಿದೆಯೆ?' 'ಏನು ಮಾಡುತ್ತಿದ್ದೀರಿ?' ಎಂದು ಕೇಳಿದರು ತಂದೆಯವರು. ಕಣಕಾಲಿನ ಗಂಟಿನ ಮೇಲಿಟ್ಟರು, ಅಲ್ಲಿಯೂ ಇಲ್ಲ. ಮೊಣಕಾಲಿನ ಬಳಿ ಬಂದಾಗ, 'ಹಾಂ, ಈಗ ಬಂತು' ಎಂದರು. ಕೋಣೆಯಲ್ಲಿ ನನಗೂ ಅಮ್ಮನಿಗೂ ಆ ಕವೆಯ ನಾದ ಕೇಳಿಸುತ್ತಿತ್ತು. ಅದನ್ನು ಕಾಲಿನ ಮೇಲೆಯೇ ಹೊತ್ತವರಿಗೆ ತಿಳಿಯುತ್ತಿರಲಿಲ್ಲ.

'ಇದು ಸಕ್ಕರೆಯಿಂದ ಆದದ್ದಿರಬಹುದು. ಆದರೆ ಸಕ್ಕರೆಯದೆಂದು ತೀರ್ಮಾನಿಸಿ ಕೈತೊಳೆದುಕೊಳ್ಳುವ ಮೊದಲು ಬಿ-12 ಎಷ್ಟಿದೆ ನೋಡೋಣ' ಎಂದರು ವೈದ್ಯರು. ಬಿ ಕಾಂಪ್ಲೆಕ್ಸ್ ಐದಾರು ವರ್ಷದಿಂದ ನುಂಗುತ್ತಿದ್ದಾರಲ್ಲ ಎಂದೆವು. ಅವರು ಗುಳಿಗೆಯ ಪಟ್ಟಿಯನ್ನು ತಿರುಗಿಸಿ ಹಿಂಬದಿಯ ಸಣ್ಣಕ್ಷರವನ್ನು ಓದಿ, ಮೇಜಿನ ಮೇಲಿಟ್ಟರು.

ಬಿ ಎಂಬುದು ಒಂದು ವಸ್ತುವಲ್ಲ, ಒಂದು ಕುಟುಂಬ. ಅವಿಭಕ್ತ ಕುಟುಂಬವೆಂದೇ ಹೇಳಬಹುದು. ಹೊರಗಿನಿಂದ ಒಂದೇ ಮನೆ, ಒಳಗೆ ಒಬ್ಬೊಬ್ಬರದು ಒಂದೊಂದು ಸ್ವಭಾವ. ಆ ಮನೆಯ ಬಾಗಿಲು ಮೊದಲು ತೆರೆದದ್ದು ಜಾವಾದ್ವೀಪದ ಬಟಾವಿಯಾದಲ್ಲಿ, ಈಗಿನ ಜಕಾರ್ತದಲ್ಲಿ. 1890ರ ದಶಕದಲ್ಲಿ ಡಚ್ಚರ ಸೈನ್ಯದಲ್ಲಿ ಬೆರಿಬೆರಿ ಎಂಬ ರೋಗ. ಕಾಲು ಮರಗಟ್ಟಿ ನಡೆಯಲಾಗದೆ ಸಾಯುತ್ತಿದ್ದರು. ಐಕ್ಮನ್ ಎಂಬ ವೈದ್ಯರು ಸಾಕಿದ್ದ ಕೋಳಿಗಳೂ ಇದ್ದಕ್ಕಿದ್ದಂತೆ ಕಾಲು ಸೋತು ಮುಗ್ಗರಿಸತೊಡಗಿದವು. ಕೆಲವು ತಿಂಗಳಾದ ಮೇಲೆ ತಾವಾಗಿಯೇ ಸರಿಹೋದವು. ವಿಚಾರಿಸಿದರೆ, ಕೋಳಿ ನೋಡಿಕೊಳ್ಳುವವನು ಸೈನಿಕ ಆಸ್ಪತ್ರೆಯ ಅಡುಗೆಮನೆಯಿಂದ ಪಾಲಿಷ್ ಮಾಡಿದ ಬಿಳಿಯಕ್ಕಿಯ ಅನ್ನ ತಂದು ಹಾಕುತ್ತಿದ್ದ. ಹೊಸ ಅಡುಗೆಯವನು ಬಂದು, ಸೈನ್ಯದ ಅನ್ನವನ್ನು ಸಿವಿಲ್ ಕೋಳಿಗಳಿಗೆ ಕೊಡಲಾಗದೆಂದು ನಿಲ್ಲಿಸಿಬಿಟ್ಟ. ತೌಡಿರುವ ಒರಟಕ್ಕಿ ತಿಂದು ಕೋಳಿಗಳು ಬದುಕಿದವು. ಸರ್ಕಾರಿ ನಿಯಮದ ಕಟ್ಟುನಿಟ್ಟಿನಿಂದ ಲೋಕಕ್ಕೆ ಇಷ್ಟು ದೊಡ್ಡ ಉಪಕಾರವಾದ ಇನ್ನೊಂದು ಸಂದರ್ಭ ನನ್ನ ನೆನಪಿಗೆ ಬರುವುದಿಲ್ಲ. ಐಕ್ಮನ್ನರಿಗೆ 1929ರಲ್ಲಿ ನೊಬೆಲ್ ಬಹುಮಾನ ಬಂತು. ಅಡುಗೆಯವನ ಹೆಸರು ಯಾರಿಗೂ ಬೇಕಾಗಲಿಲ್ಲ. ತೌಡಿನಲ್ಲಿದ್ದ ಆ ವಸ್ತುವೇ ಬಿ-1, ಥಯಾಮಿನ್; ನರ ಸಕ್ಕರೆಯನ್ನು ಉರಿಸಿ ಶಕ್ತಿ ಪಡೆಯಲು ಬೇಕಾದದ್ದು. 1926ರಲ್ಲಿ ಅದೇ ಬಟಾವಿಯಾದಲ್ಲಿ ಅದನ್ನು ಹರಳಾಗಿ ಬೇರ್ಪಡಿಸಿದರು.

ನಮ್ಮ ದಕ್ಷಿಣ ಭಾರತದಲ್ಲೂ ಈ ಕೆಲಸ ನಡೆದಿದೆ. ನಮ್ಮ ಕಾರ್ಖಾನೆಗೆ ಕೈಹಾಕಿದ 1918ರಲ್ಲೇ ನೀಲಗಿರಿಯ ಕೂನೂರಿನಲ್ಲಿ ಮೆಕ್ಯಾರಿಸನ್ ಎಂಬವರು ಒಂದೇ ಕೋಣೆಯಲ್ಲಿ ಬೆರಿಬೆರಿಯ ವಿಚಾರಣೆಗೆ ಕೂತರು. ಆ ಕೋಣೆಯೇ ಬೆಳೆದು 1958ರಲ್ಲಿ ಹೈದರಾಬಾದಿಗೆ ಹೋಗಿ, 1969ರಲ್ಲಿ ರಾಷ್ಟ್ರೀಯ ಪೋಷಣಾ ಸಂಸ್ಥೆ ಎನಿಸಿತು. ಅದರ ಮುಖ್ಯಸ್ಥರಾಗಿದ್ದ ಸಿ. ಗೋಪಾಲನ್ 1946ರಲ್ಲಿ ಬರೆದದ್ದು ಅಂಗಾಲು ಉರಿಯ ಮೇಲೆ. ಬಡವರ ಅಂಗಾಲು ರಾತ್ರಿ ಹೊತ್ತು ಕೆಂಡ ತುಳಿದಂತೆ ಉರಿಯುವ ಆ ಕಾಯಿಲೆಯನ್ನು 1826ರಲ್ಲೇ ಬರ್ಮಾ ಯುದ್ಧದ ಭಾರತೀಯ ಸಿಪಾಯಿಗಳಲ್ಲಿ ಗ್ರಿಯರ್ಸನ್ ಎಂಬ ವೈದ್ಯ ಗುರುತಿಸಿದ್ದ. ಗೋಪಾಲನ್ನರು ಬಿ ಕುಟುಂಬದ ಪ್ಯಾಂಟೊಥೆನಿಕ್ ಆಮ್ಲವನ್ನು ಕೊಟ್ಟು ಗುಣ ಕಂಡರು. ಇಂದಿಗೂ ಆ ಕಾಯಿಲೆಗೆ ಇವರಿಬ್ಬರ ಹೆಸರನ್ನೂ ಸೇರಿಸಿ ಹೇಳುತ್ತಾರೆ. ಬೆಂಕೀಪುರದವನಾದ ನನಗೆ ಈ ಹಾಳೆಗಳನ್ನು ಓದುವಾಗ ಅದೊಂದು ಬಗೆಯ ಬಂಧುತ್ವ ತೋರಿತು.

ಒನಕೆಯಿಂದ ಕುಟ್ಟಿದ ಅಕ್ಕಿಯಲ್ಲಿ ತೌಡು ಅಷ್ಟಿಷ್ಟು ಉಳಿಯುತ್ತಿತ್ತು. ಕರಾವಳಿಯ ಕುಚ್ಚಲಕ್ಕಿಯಲ್ಲಿ, ಭತ್ತವನ್ನು ಹೊಟ್ಟಿನೊಡನೆ ಬೇಯಿಸುವಾಗಲೇ ಈ ಸತ್ವ ಕಾಳಿನೊಳಗೆ ಇಳಿದುಬಿಡುತ್ತದೆ. ಆಮೇಲೆ ಮಿಲ್ಲಿನವನು ಎಷ್ಟು ಉಜ್ಜಿದರೂ ಪೂರ್ತಿ ಹೋಗದು. ಹಿಂದಿನವರಿಗೆ ಇದರ ಶಾಸ್ತ್ರ ಗೊತ್ತಿತ್ತೆಂದು ಭಾಷಣ ಮಾಡುವವರಿದ್ದಾರೆ. ಗೊತ್ತಿರಲಿಲ್ಲ, ಕಾಳು ಒಡೆಯಬಾರದೆಂದು ಬೇಯಿಸುತ್ತಿದ್ದರು. ಗೊತ್ತಿಲ್ಲದೆಯೂ ಒಳ್ಳೆಯದಾಗುವುದುಂಟು. ಈ ಸತ್ವಗಳಿಗೆ ಫಂಕ್ ಎಂಬವರು 1912ರಲ್ಲಿ 'ವಿಟಮೀನ್' ಎಂದು ಹೆಸರಿಟ್ಟರು. ನಮ್ಮ ಪಠ್ಯಪುಸ್ತಕದವರು ಅದಕ್ಕೆ ಒಮ್ಮೆ 'ಅನ್ನಾಂಗ' ಎಂದು ಅನುವಾದಿಸಿದರು, ಆಮೇಲೆ 'ಜೀವಸತ್ವ' ಎಂದರು. ಅನ್ನಾಂಗವೇ ನನಗೆ ಹೆಚ್ಚು ಇಷ್ಟ. ಅನ್ನದ ಅಂಗವಾಗಿ ಬರಬೇಕಾದದ್ದು ಎಂಬ ಅರ್ಥ ಅದರಲ್ಲೇ ಇದೆ.

ಈ ಮಾತು ಪೂರ್ತಿ ಒಪ್ಪದಿರುವುದು ಬಿ-12ಕ್ಕೆ. ಅದು ಅನ್ನದಲ್ಲಿಲ್ಲ. ರಾಗಿಯಲ್ಲಿಲ್ಲ, ನುಗ್ಗೆಸೊಪ್ಪಿನಲ್ಲಿಲ್ಲ, ಬೇಳೆಯಲ್ಲಿಲ್ಲ. ಗಿಡಮರಗಳಾಗಲಿ ಪ್ರಾಣಿಗಳಾಗಲಿ ಅದನ್ನು ತಯಾರಿಸಲಾರವು. ಕೆಲವು ಬಗೆಯ ಸೂಕ್ಷ್ಮಜೀವಿಗಳು ಮಾತ್ರ ಬಲ್ಲವು. ಹಸುವಿನ ಹೊಟ್ಟೆಯೊಳಗಿನ ಆ ಜೀವಿಗಳು ಮಾಡಿದ್ದು ಹಾಲಿಗೆ ಬರುತ್ತದೆ. ಮಾಂಸ, ಮೀನು, ಮೊಟ್ಟೆ ತಿನ್ನುವವರಿಗೆ ಧಾರಾಳ. ಶಾಕಾಹಾರಿಗಳಿಗೆ ಹಾಲು ಮೊಸರೊಂದೇ ದಾರಿ. ದಿನಕ್ಕೆ ಬೇಕಾದದ್ದು ಎರಡು ಎರಡೂವರೆ ಮೈಕ್ರೋಗ್ರಾಂ, ಅಂದರೆ ಒಂದು ಗ್ರಾಮಿನ ಹತ್ತು ಲಕ್ಷದಲ್ಲಿ ಎರಡು ಭಾಗದಷ್ಟು. ಒಂದು ಲೋಟ ಹಾಲಿನಲ್ಲಿ ಸುಮಾರು ಒಂದು ಮೈಕ್ರೋಗ್ರಾಂ ಸಿಕ್ಕೀತು. ನಮ್ಮ ಮನೆಯಲ್ಲಿ ಶಾಕಾಹಾರ. ತಂದೆಯವರು ಕಫವೆಂದು ಹಾಲು ಬಿಟ್ಟು, ಮೊಸರನ್ನು ನೀರುಮಜ್ಜಿಗೆ ಮಾಡಿಕೊಂಡು ವರ್ಷಗಳಾಗಿದ್ದವು.

ತಿಂದದ್ದು ಮೈಗೆ ಸೇರುವುದೂ ಸುಲಭವಲ್ಲ. ಜಠರದಲ್ಲಿ ಹುಟ್ಟುವ ಒಂದು ವಿಶೇಷ ಪದಾರ್ಥ ಬಿ-12ರ ಕೈಹಿಡಿದು ಸಣ್ಣಕರುಳಿನ ಕಟ್ಟಕಡೆಯ ಭಾಗದವರೆಗೆ ಕರೆದೊಯ್ದರೆ ಮಾತ್ರ ಅಲ್ಲಿ ಬಾಗಿಲು ತೆರೆಯುತ್ತದೆ. ಸಕ್ಕರೆ ಕಾಯಿಲೆಗೆ ಕೊಡುವ ಮೆಟ್‌ಫಾರ್ಮಿನ್ ಎಂಬ ಗುಳಿಗೆ ಬಹಳ ಒಳ್ಳೆಯ ಔಷಧ, ಅಗ್ಗದ್ದೂ ಹೌದು. ಆದರೆ ವರ್ಷಗಟ್ಟಲೆ ತೆಗೆದುಕೊಂಡವರಲ್ಲಿ ಕೆಲವರಿಗೆ ಈ ಬಾಗಿಲಿನ ಬಳಿ ಅಡ್ಡಿ ಮಾಡುತ್ತದೆ. 2022ರಲ್ಲಿ ಬ್ರಿಟನ್ನಿನ ಔಷಧ ನಿಯಂತ್ರಣದವರು, ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರಲ್ಲಿ ಕೊರತೆಯ ಲಕ್ಷಣ ಕಂಡರೆ ಬಿ-12 ನೋಡಬೇಕೆಂದು ವೈದ್ಯರಿಗೆಲ್ಲ ತಿಳಿಸಿದರು. ತಂದೆಯವರು ಅದನ್ನು ಹದಿನಾಲ್ಕು ವರ್ಷದಿಂದ ನುಂಗುತ್ತಿದ್ದರು. ಎದೆಯುರಿಗೆಂದು ಆಮ್ಲ ತಗ್ಗಿಸುವ ಗುಳಿಗೆ ಬೇರೆ. ಅದೂ ದೀರ್ಘಕಾಲದಲ್ಲಿ ಇದೇ ಕೆಲಸ ಮಾಡಬಲ್ಲುದು. ಹೀಗಾಗಿ ಶಕ್ತಿ ಮಾತ್ರೆಯಲ್ಲಿ ಬಿ-12 ಇತ್ತೆಂಬುದೇನೋ ನಿಜ, ಹದಿನೈದು ಮೈಕ್ರೋಗ್ರಾಮಿನಷ್ಟು. ಬಾಗಿಲು ಮುಚ್ಚಿದ ಮನೆಗೆ ದಿನವೂ ಬಂದ ಅತಿಥಿಯಂತೆ ಅದು ಹಾಗೆಯೇ ಹೊರಟುಹೋಗುತ್ತಿತ್ತು. ರಕ್ತಪರೀಕ್ಷೆಯ ಚೀಟಿ ಬಂದಾಗ ಅಂಕಿ ಇನ್ನೂರಕ್ಕೆ ಬಹಳ ಕೆಳಗಿತ್ತು. ಇನ್ನೂರಕ್ಕಿಂತ ಕಡಿಮೆಯಾದರೆ ಕೊರತೆಯೆಂಬುದು ಸಾಮಾನ್ಯ ಲೆಕ್ಕ.

ಈ ಕೊರತೆ ಕೂಡಲೆ ತಿಳಿಯದಿರಲು ಕಾರಣ ನಮ್ಮ ಪಿತ್ತಜನಕಾಂಗ. ಅದು ಹಳೆಯ ಕಾಲದ ಜಮೀನ್ದಾರನಂತೆ ವರ್ಷಗಳಿಗಾಗುವಷ್ಟು ಬಿ-12 ಕೂಡಿಟ್ಟಿರುತ್ತದೆ. ಆದಾಯ ನಿಂತು ಎರಡು ಮೂರು ವರ್ಷವಾದರೂ ಮನೆ ನಡೆಯುತ್ತದೆ. ಕಣಜ ಬರಿದಾದ ಮೇಲೆ ರಕ್ತ ಕೆಡುತ್ತದೆ, ನರಗಳ ಮೇಲಿನ ಹೊದಿಕೆ ಕಳಚುತ್ತದೆ; ಬೆನ್ನುಹುರಿಯೂ ಕೆಡಬಹುದು. ಇಲ್ಲೊಂದು ಮೋಸವಿದೆ. ರಕ್ತಹೀನತೆಗೆಂದು ಬರಿಯ ಫೋಲಿಕ್ ಆಮ್ಲವನ್ನು ಕೊಟ್ಟರೆ ರಕ್ತ ಸರಿಹೋಗಿ ಎಲ್ಲ ನೆಟ್ಟಗಾಯಿತೆಂದು ಕಾಣುತ್ತದೆ; ನರ ಮಾತ್ರ ಒಳಗೊಳಗೇ ಸವೆಯುತ್ತಿರುತ್ತದೆ.

ಸೂಜಿಮದ್ದು ಆರಂಭವಾಯಿತು. ಆ ಮದ್ದು ದಾಸವಾಳದಂತೆ ಕೆಂಪು; ಬಿ-12ರ ಹೃದಯದಲ್ಲಿರುವ ಕೋಬಾಲ್ಟ್ ಎಂಬ ಲೋಹದ ಪರಮಾಣುವಿನಿಂದ ಬಂದ ಬಣ್ಣ. 1948ರಲ್ಲಿ ಬೇರ್ಪಡಿಸಿದ ಈ ಕೆಂಪು ಹರಳಿನ ರಚನೆಯನ್ನು ಕ್ಷಕಿರಣದಿಂದ ಬಿಡಿಸಿದವರು ಡೊರೊಥಿ ಹಾಜ್ಕಿನ್ ಎಂಬ ಮಹಿಳೆ. 1964ರ ನೊಬೆಲ್ ಅವರದು. ತಮ್ಮ ಮೈಗೂ ಲೋಹವೇ ಬೇಕಾಯಿತೆಂದು ತಿಳಿದು ತಂದೆಯವರಿಗೆ ಬಹಳ ಸಮಾಧಾನವಾಯಿತು. ಎರಕದ ಮನೆಯವರಲ್ಲವೆ!

ಮೊದಲು ದಿನಬಿಟ್ಟು ದಿನ, ಆಮೇಲೆ ವಾರಕ್ಕೊಂದು, ಆಮೇಲೆ ತಿಂಗಳಿಗೊಂದು. ಮೂರನೆಯ ವಾರ ಒಂದು ರಾತ್ರಿ ಎದ್ದು ಕೂತು, 'ಉರಿ, ಕಾಲೆಲ್ಲ ಉರಿ' ಎಂದರು. ಅಮ್ಮ ಗಾಬರಿಯಾದಳು. ವೈದ್ಯರು ಇದನ್ನು ಮುಂಚೆಯೇ ಹೇಳಿದ್ದರು: ಮಲಗಿದ್ದ ತಂತು ಎದ್ದಾಗ ಮೊದಮೊದಲು ಅಡ್ಡಾದಿಡ್ಡಿ ಸುದ್ದಿ ಕಳಿಸಬಹುದು. ಹದಿನೈದು ದಿನ ಆ ಉರಿ ಕಾಡಿ ತಗ್ಗಿತು. ಮೂರು ತಿಂಗಳಿಗೆ ಕಣ್ಣು ಮುಚ್ಚಿ ಮುಖ ತೊಳೆಯುವುದು ಸಾಧ್ಯವಾಯಿತು. ಆರು ತಿಂಗಳಿಗೆ ರಾತ್ರಿಯ ಹೆಜ್ಜೆ ಮತ್ತೆ ಮೆತ್ತಗಾಯಿತು. ಆದರೆ ಬೆರಳುಗಳ ತುದಿ ಹಾಗೆಯೇ ಉಳಿಯಿತು. ಅದು ಸಕ್ಕರೆ ಕೆಡಿಸಿದ ಪಾಲು, ಅದನ್ನು ಬಿ-12 ತುಂಬಿಕೊಡಲಾರದು ಎಂದು ವೈದ್ಯರು ಮುಚ್ಚುಮರೆಯಿಲ್ಲದೆ ಹೇಳಿದರು. ಕೊರತೆಯಿದ್ದಲ್ಲಿ ಬಿ ಗುಳಿಗೆ ಪವಾಡ; ಕೊರತೆಯಿಲ್ಲದಲ್ಲಿ ಅದು ಅರಿಸಿನದ ನೀರು. 2008ರಲ್ಲಿ ಕಾಕ್ರೇನ್ ಎಂಬ ಪರಾಮರ್ಶನ ಸಂಸ್ಥೆಯವರು ನರದ ಕಾಯಿಲೆಗೆ ಬಿ ಜೀವಸತ್ವ ಕೊಟ್ಟು ನೋಡಿದ ಹದಿಮೂರು ಪ್ರಯೋಗಗಳನ್ನು, ಒಟ್ಟು 741 ರೋಗಿಗಳನ್ನು ಸೇರಿಸಿ ತೂಗಿ, ಉಪಯೋಗವಿದೆ ಎನ್ನಲೂ ಇಲ್ಲವೆನ್ನಲೂ ಸಾಕಷ್ಟು ಆಧಾರವಿಲ್ಲವೆಂದರು. ಕೊರತೆಯವರಿಗೂ ಇಲ್ಲದವರಿಗೂ 'ನರದ ಮಾತ್ರೆ' ಎಂಬ ಒಂದೇ ಹೆಸರಿನಲ್ಲಿ ಕೊಟ್ಟರೆ ಇನ್ನೇನಾದೀತು?

ಅರಿಸಿನದ ನೀರೇ ಆಗಿದ್ದರೆ ಚಿಂತೆಯಿರಲಿಲ್ಲ. ನಮ್ಮ ಕಟ್ಟೆಯ ನಿವೃತ್ತ ಗುಮಾಸ್ತರೊಬ್ಬರಿಗೆ ಪರದೇಶದಲ್ಲಿರುವ ಮಗಳು ದೊಡ್ಡ ಸೀಸೆಗಳನ್ನು ತಂದುಕೊಡುವಳು. ಒಂದೊಂದು ಗುಳಿಗೆಯಲ್ಲಿ ನೂರು ಮಿಲಿಗ್ರಾಂ ಬಿ-6. ಮೈಗೆ ದಿನಕ್ಕೆ ಬೇಕಾದದ್ದು ಎರಡು ಮಿಲಿಗ್ರಾಮಿನ ಆಸುಪಾಸು. ಅವರು ಬೆಳಿಗ್ಗೆ ಒಂದು, ರಾತ್ರಿ ಒಂದು. ಎರಡು ವರ್ಷಕ್ಕೆ ಪಾದ ಜುಮುಜುಮು ಎಂದಿತು, ಮೂರನೆಯದನ್ನು ಸೇರಿಸಿದರು. ಕೈಯೂ ಜುಮುಗುಟ್ಟಿತು. ತಂದೆಯವರ ಜೊತೆ ಶಿವಮೊಗ್ಗೆಗೆ ಬಂದು ಅವರೂ ತೋರಿಸಿಕೊಂಡಾಗ ವೈದ್ಯರು ಬರೆದುಕೊಟ್ಟ ಔಷಧ ಇಷ್ಟೆ: ಸೀಸೆ ನಿಲ್ಲಿಸಿ. ಬಿ-6 ಅತಿಯಾದರೆ ನರವನ್ನೇ ಕೆಡಿಸುತ್ತದೆಂದು 1983ರಲ್ಲೇ ಅಮೆರಿಕದ ವೈದ್ಯರು ವರದಿ ಮಾಡಿದ್ದರು; ಅವರ ಏಳು ರೋಗಿಗಳು ನುಂಗುತ್ತಿದ್ದದ್ದು ದಿನಕ್ಕೆ ಎರಡರಿಂದ ಆರು ಗ್ರಾಂ. ಅದಕ್ಕಿಂತ ಬಹಳ ಕಡಿಮೆಯಲ್ಲೂ ಕೆಲವರಿಗೆ ತೊಂದರೆ ಕಂಡದ್ದರಿಂದ, 2023ರಲ್ಲಿ ಯೂರೋಪಿನ ಆಹಾರ ಸುರಕ್ಷಾ ಪ್ರಾಧಿಕಾರ ದಿನಕ್ಕೆ 12 ಮಿಲಿಗ್ರಾಂ ಮೀರಬಾರದೆಂದು ಗಡಿ ಹಾಕಿತು. ವಿಚಿತ್ರವೆಂದರೆ, ಕ್ಷಯರೋಗಕ್ಕೆ ಐಸೋನಿಯಾಜಿಡ್ ಕೊಡುವಾಗ ನರ ಕೆಡದಂತೆ ಕಾಯಲು ಜೊತೆಗೆ ಕೊಡುವುದೂ ಇದೇ ಬಿ-6 ಅನ್ನೇ, ಸ್ವಲ್ಪ ಪ್ರಮಾಣದಲ್ಲಿ. ಕಾಯುವವನೂ ಅವನೇ, ಕೊಲ್ಲುವವನೂ ಅವನೇ ಎಂಬ ಮಾತನ್ನು ಗುಮಾಸ್ತರು ಗುಡಿಯ ಕಡೆಗೆ ತಿರುಗಿ ಹೇಳಿದರು. ಸೀಸೆ ನಿಲ್ಲಿಸಿ ಎಂಟು ತಿಂಗಳಾಗಿದೆ. ಕೈ ಸರಿಹೋಗಿದೆ, ಪಾದ ನಿಧಾನವಾಗಿ ಬರುತ್ತಿದೆ. ನರ ಬೆಳೆದರೆ ದಿನಕ್ಕೆ ಒಂದು ಮಿಲಿಮೀಟರು, ಅದೂ ಎಲ್ಲ ಅನುಕೂಲವಾಗಿದ್ದರೆ.

ತಂದೆಯವರು ಚೇತರಿಸಿಕೊಂಡದ್ದನ್ನು ಕಂಡು ಕಟ್ಟೆಯವರು ಬದಲಾದರೆಂದು ಓದುಗರು ತಿಳಿದರೆ ಅದು ತಪ್ಪು. ಈಗ ಎಲ್ಲರಿಗೂ ಕೆಂಪು ಸೂಜಿಯೇ ಬೇಕು! ರಕ್ತಪರೀಕ್ಷೆ ಮಾಡಿಸಿ ಎಂದರೆ, 'ಪರೀಕ್ಷೆಯ ದುಡ್ಡಿನಲ್ಲಿ ನಾಲ್ಕು ಸೂಜಿ ಬರುತ್ತೆ' ಎಂಬ ಲೆಕ್ಕ. ಒಬ್ಬಿಬ್ಬರು ಮಾತ್ರ ಮೆಗ್ಗಾನ್ ಆಸ್ಪತ್ರೆಗೆ ಹೋಗಿ ಪರೀಕ್ಷಿಸಿಕೊಂಡು ಬಂದರು. ಅದರಲ್ಲಿ ಒಬ್ಬರಿಗೆ ಬಿ-12 ಸರಿಯಾಗಿಯೇ ಇತ್ತು. ಜೋಮಿಗೆ ಕಾರಣ ಸೊಂಟದ ಬಿಲ್ಲೆ ಸರಿದದ್ದು.

ಅಮ್ಮನ ಕತೆ ಇನ್ನೊಂದು. ಅಕ್ಕಿಗೆ ಕಬ್ಬಿಣ, ಫೋಲಿಕ್ ಆಮ್ಲ, ಬಿ-12 ಮೂರನ್ನೂ ಸೇರಿಸಿ ಪಡಿತರದಲ್ಲಿ ಕೊಡುವುದಾಗಿ 2021ರ ಆಗಸ್ಟ್ 15ರಂದು ಕೇಂದ್ರ ಸರ್ಕಾರ ಸಾರಿತ್ತು. ನೂರು ಕಾಳಿಗೆ ಒಂದರಂತೆ, ಅಕ್ಕಿಹಿಟ್ಟಿನಿಂದಲೇ ಒತ್ತಿ ಮಾಡಿದ ಸಾರವರ್ಧಿತ ಕಾಳು. ಆ ಅಕ್ಕಿ ನಮ್ಮ ಬೀದಿಗೆ ಬಂದಾಗ ಹೆಂಗಸರೆಲ್ಲ ಅದನ್ನು ಪ್ಲಾಸ್ಟಿಕ್ ಎಂದು ಬಗೆದರು. ನಮ್ಮ ಮನೆ ಕೆಲಸಕ್ಕೆ ಬರುವಾಕೆ ತನ್ನ ಪಡಿತರದ ಅಕ್ಕಿಯನ್ನು ಇಲ್ಲಿಯೇ ಹಸನು ಮಾಡುವುದು ವಾಡಿಕೆ. ಅಮ್ಮನೂ ಮೊರದ ಪಕ್ಕ ಕೂತು, ಸ್ವಲ್ಪ ಮಾಸಲು ಬಣ್ಣದ ಆ ಕಾಳುಗಳನ್ನು ಅವಳ ಜೊತೆ ಒಂದೊಂದಾಗಿ ಹೆಕ್ಕಿ ಅಂಗಳಕ್ಕೆ ಎಸೆಯುತ್ತಿದ್ದಳು. ಗುಬ್ಬಚ್ಚಿಗಳು ಬಂದು ತಿಂದು ಹೋಗುತ್ತಿದ್ದವು. ತಂದೆಯವರ ಕಾಯಿಲೆಯಾದ ಮೇಲೆ ಅದು ಬಿ-12 ಇರುವ ಕಾಳು ಎಂದು ನಾನು ಹೇಳಿದೆ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, 'ಚೀಲದ ಮೇಲೆ ಕನ್ನಡದಲ್ಲಿ ದೊಡ್ಡದಾಗಿ ಬರೆಯಬಾರದಿತ್ತೆ?' ಎಂದಳು. ಅಕ್ಷರದ ವೃತ್ತಿಯವನಾದ ನಾನು ಅದಕ್ಕೆ ಎದುರಾಡಲಿಲ್ಲ.

ಈಗ ದಿನವೂ ರಾತ್ರಿ ಊಟವಾದ ಮೇಲೆ ತಂದೆಯವರ ಅಂಗಾಲುಗಳನ್ನು ಬ್ಯಾಟರಿ ಬೆಳಕಿನಲ್ಲಿ ನೋಡುವ ಕೆಲಸ ನನ್ನದು. ಬೆರಳ ಸಂದು, ಹಿಮ್ಮಡಿ, ಉಗುರಿನ ಮೂಲೆ. ಸ್ನಾನದ ನೀರಿನ ಬಿಸಿಯನ್ನು ಅವರ ಪಾದ ಹೇಳಲಾರದ್ದರಿಂದ ಅಮ್ಮ ಮೊಣಕೈ ಅದ್ದಿ ನೋಡುತ್ತಾಳೆ. ಹಿಂದೆ ಪಟ್ಟಿಯಿರುವ ಚಪ್ಪಲಿ ತಂದುಕೊಟ್ಟಿದ್ದೇನೆ. ಗುಡಿಯ ಬಾಗಿಲಲ್ಲಿ ಅದರ ಬಕ್ಕಲು ಬಿಚ್ಚುವುದು ತಡವೆಂದು ಗೊಣಗುತ್ತಾರೆ. ಮಧ್ಯಾಹ್ನದ ಪ್ರದಕ್ಷಿಣೆ ನಿಂತಿದೆ. ಬೆಳಿಗ್ಗೆ ಏಳಕ್ಕೆ, ಕಲ್ಲು ತಣ್ಣಗಿರುವಾಗ ಹೋಗುತ್ತಾರೆ. ಕಳೆದ ತಿಂಗಳು ಶಿವಮೊಗ್ಗೆಗೆ ಹೋದಾಗ ವೈದ್ಯರು ಶ್ರುತಿಕವೆಯನ್ನು ಕಣಕಾಲಿನ ಗಂಟಿನ ಮೇಲಿಟ್ಟು ಗಡಿಯಾರ ನೋಡಿದರು. 'ಇದೆ... ಇದೆ... ಇನ್ನೂ ಇದೆ' ಎನ್ನುತ್ತಿದ್ದರು ತಂದೆಯವರು, ಕಣ್ಣು ಮುಚ್ಚಿಕೊಂಡು. ಆರು ಸೆಕೆಂಡಿಗೆ 'ಹೋಯಿತು' ಎಂದರು. ಹೆಬ್ಬೆರಳಿನ ಮೇಲಿಟ್ಟಾಗ ಬಹಳ ಹೊತ್ತು ಮಾತಾಡಲಿಲ್ಲ. ವೈದ್ಯರು ಕವೆಯನ್ನು ಡ್ರಾಯರಿನಲ್ಲಿಟ್ಟು, ಮುಂದಿನ ಸೂಜಿಯ ತಾರೀಖನ್ನು ಚೀಟಿಯಲ್ಲಿ ಬರೆದರು.